ಓದುಗರ ಪ್ರಶ್ನೆ: ಫುರುಟಾಕಾ ಕ್ರೂಸರ್ ಲೆಕ್ಕ ತಪ್ಪಿದ್ದೆಲ್ಲಿ?

ಪ್ರಶ್ನೆ: ಯುದ್ಧನೌಕೆಗಳಿಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದ ಕ್ರೂಸರಿಗೆ (ಮಧ್ಯಮ ಗಾತ್ರದ ವೇಗದ ಯುದ್ಧನೌಕೆ) 10,000 ಟನ್ನಿನವರೆಗೆ ಅವಕಾಶ ಕೊಟ್ಟಿತ್ತು. ಹಾಗಿದ್ದೂ ಜಪಾನಿನವರು ತಮ್ಮ ಮೊದಲ ಹೆವಿ ಕ್ರೂಸರ್ ಫುರುಟಾಕಾವನ್ನು 7,100 ಟನ್ನಿಗೇ ನಿಲ್ಲಿಸಿದ್ದೇಕೆ?
– ಓದುಗರೊಬ್ಬರು, ಪಣಂಬೂರು

ಉತ್ತರ: ಒಪ್ಪಂದವನ್ನು ಮುಂದಿಟ್ಟುಕೊಂಡು ಹಾಕಿದ ನಕ್ಷೆ ಅದಲ್ಲ. ಬ್ರಿಟನ್ನಿನ ಹಾಕಿನ್ಸ್ ವರ್ಗದ ಹಡಗಿನಲ್ಲಿ 7.5 ಇಂಚಿನ ಏಳು ತೋಪುಗಳಿದ್ದವು. ಅಮೆರಿಕದ ಒಮಾಹಾ ವರ್ಗದ್ದು 6 ಇಂಚಿನ ತೋಪು, ಆದರೆ ಓಟ ಸುಮಾರು 35 ನಾಟ್ (ಗಂಟೆಗೆ ಸುಮಾರು 65 ಕಿ.ಮೀ.). ಜಪಾನಿನ ಆಗಿನ 5,500 ಟನ್ನಿನ ಕ್ರೂಸರುಗಳ 14 ಸೆಂಟಿಮೀಟರ್ ತೋಪು ಇವೆರಡಕ್ಕೂ ಸಾಲದು. ಹಾಗಾಗಿ 20 ಸೆಂ.ಮೀ. ತೋಪು ಆರು ಹೊತ್ತು ವೇಗವಾಗಿ ಓಡುವ, ಆದಷ್ಟು ಚಿಕ್ಕದಾದ ಬೇಹು ಹಡಗು ಬೇಕೆಂದರು. ‘ಹೆವಿ ಕ್ರೂಸರ್’ ಎಂಬ ವಿಂಗಡಣೆ ಬಂದದ್ದು 1930ರ ಲಂಡನ್ ಒಪ್ಪಂದದಲ್ಲಿ, 6.1 ಇಂಚು ಮೀರಿದ ತೋಪಿರುವ ಕ್ರೂಸರುಗಳಿಗೆ. 10,000 ಟನ್ನನ್ನು ಪೂರ್ತಿ ಬಳಸಿಕೊಂಡದ್ದು ಮುಂದಿನ ಮ್ಯೋಕೋ ವರ್ಗ.

ಪ್ರಶ್ನೆ: ಕವಚವನ್ನೇ ಹಡಗಿನ ಒಡಲಾಗಿಸಿದರು ಎಂದು ಓದಿದ್ದೆ. ಅದು ಹೇಗೆ? ಅಷ್ಟು ಉಳಿತಾಯ ಮಾಡಿಯೂ ಹಡಗು ಭಾರವಾಯಿತಂತಲ್ಲ?
– ಓದುಗರೊಬ್ಬರು, ಮಲ್ಪೆ

ಉತ್ತರ: ಹಡಗಿನ ನಡು ಅಲೆಯ ನೆತ್ತಿಗೆ ಬಂದಾಗ ಮೇಲಿನ ಡೆಕ್ ಎಳೆತಕ್ಕೆ ಸಿಗುತ್ತದೆ, ತಳ ಒತ್ತಡಕ್ಕೆ. ನಡು ಎರಡು ಅಲೆಗಳ ನಡುವಿನ ತಗ್ಗಿಗೆ ಬಂದಾಗ ಇದು ತಿರುಗುಮುರುಗು. ಇದನ್ನು ತಡೆಯಲು ಮೊದಲು ಗಟ್ಟಿ ಒಡಲು ಕಟ್ಟಿ, ಅದರ ಮೇಲೆ ಕವಚದ ತಗಡು ಹೊದಿಸುವುದು ರೂಢಿ. ಹೊದಿಸಿದ ಉಕ್ಕು ಗುಂಡು ತಡೆಯುತ್ತದೆ, ಒಡಲಿನ ಬಲಕ್ಕೆ ಕೊಡುವುದು ಅತ್ಯಲ್ಪ. ವಿನ್ಯಾಸಕಾರ ಹಿರಾಗಾ ಯುಜುರು ಪಕ್ಕದ 76 ಮಿ.ಮೀ. ಮತ್ತು ಡೆಕ್ಕಿನ 35 ಮಿ.ಮೀ. ಕವಚಗಳನ್ನು ಎಳೆತ-ಒತ್ತಡ ಹೊರುವ ಭಾಗಗಳಾಗಿಯೇ ಜೋಡಿಸಿದರು, ಅವುಗಳ ಹಿಂದಿನ ತಗಡಿನ ತೂಕ ಉಳಿತಾಯವಾಯಿತು. ಮುಂಭಾಗ ಎತ್ತರ, ಹಿಂಭಾಗ ತಗ್ಗು ಬೇಕಿದ್ದರೂ ಡೆಕ್ಕಿಗೆ ಮೆಟ್ಟಿಲು ಇಡಲಿಲ್ಲ. ಮೆಟ್ಟಿಲಿದ್ದಲ್ಲಿ ಒತ್ತಡ ಒಂದೇ ಕಡೆ ಕೂಡಿ ಬಿರುಕಿಗೆ ದಾರಿ. ಬದಲಿಗೆ ಡೆಕ್ಕಿನ ಗೆರೆ ಅಲೆಯಂತೆ ಏರಿಳಿಯುತ್ತ ಹಿಂದಕ್ಕೆ ಸಾಗುತ್ತದೆ. ಜಪಾನಿ ಕ್ರೂಸರನ್ನು ದೂರದಿಂದಲೇ ಗುರುತಿಸಲು ಇದೊಂದೇ ಸಾಕು.

ಇದೇ ಉಪಾಯವನ್ನು ಪರೀಕ್ಷಿಸಲೆಂದು ಕಟ್ಟಿದ ಚಿಕ್ಕ ಹಡಗು ಯುಬಾರಿ. 1923ರ ಜುಲೈಯಲ್ಲಿ ಮುಗಿದಾಗ ಅದು ಲೆಕ್ಕಕ್ಕಿಂತ ಸುಮಾರು 400 ಟನ್ ಭಾರವಾಗಿತ್ತು. ಅಷ್ಟರಲ್ಲಿ ನಾಗಸಾಕಿಯಲ್ಲಿ ಫುರುಟಾಕಾ, ಕೋಬೆಯಲ್ಲಿ ಅದರ ಜೋಡಿ ಹಡಗು ಕಾಕೋ ಕಟ್ಟಲು ಶುರುವಾಗಿ ಏಳೆಂಟು ತಿಂಗಳು ಕಳೆದಿತ್ತು. ಪರೀಕ್ಷೆಯ ಉತ್ತರ ಬರುವ ಮೊದಲೇ ದೊಡ್ಡ ಹಡಗಿಗೆ ಕೈಹಾಕಿದ್ದು ಅವಸರ ಎಂದೇ ನಮ್ಮ ಅಭಿಪ್ರಾಯ. ಫುರುಟಾಕಾ ಸುಮಾರು 900 ಟನ್ ಮೀರಿತು.

ಅದರ ಪರಿಣಾಮವನ್ನು ನೀವೇ ಲೆಕ್ಕ ಹಾಕಬಹುದು. ನೀರಿನ ಮಟ್ಟದ ಉದ್ದ ಸುಮಾರು 180 ಮೀ., ಅಗಲ 16 ಮೀ., ಮೂತಿ-ಬಾಲ ಚೂಪಾದ್ದರಿಂದ 0.7ರಿಂದ ಗುಣಿಸಿ: ಸುಮಾರು 2,000 ಚದರ ಮೀಟರ್. ಒಂದು ಸೆಂಟಿಮೀಟರ್ ಮುಳುಗಲು 20 ಘನ ಮೀಟರ್ ಉಪ್ಪುನೀರು, ಅಂದರೆ ಸುಮಾರು 20.5 ಟನ್. 900 ಟನ್ನಿಗೆ 44 ಸೆಂ.ಮೀ. ಅಷ್ಟು ತಗ್ಗಿದರೆ ಪಕ್ಕದ ಕವಚವೂ ಅಷ್ಟೇ ನೀರಿನೊಳಗೆ ಹೋಗುತ್ತದೆ, ಕೆಳಸಾಲಿನ ಕಿಟಕಿಗಳು ನೀರಿಗೆ ಹತ್ತಿರವಾಗುತ್ತವೆ, ವೇಗ ಇಳಿಯುತ್ತದೆ. ನಿಮ್ಮೂರಿನ 20 ಮೀ. ಉದ್ದ, 6 ಮೀ. ಅಗಲದ ಬೋಟಿಗೂ ಇದೇ ಲೆಕ್ಕ: 0.75ರಿಂದ ಗುಣಿಸಿದರೆ 90 ಚದರ ಮೀಟರ್, 9 ಟನ್ ಐಸ್ ತುಂಬಿದರೆ ಹತ್ತು ಸೆಂ.ಮೀ. ತಗ್ಗುತ್ತದೆ.

ಪ್ರಶ್ನೆ: ತೋಪು, ಟಾರ್ಪಿಡೊಗಳ ವಿಷಯದಲ್ಲಿ ಹಿರಾಗಾ ಅವರಿಗೂ ನೌಕಾ ಮುಖ್ಯಾಲಯಕ್ಕೂ ಜಗಳವಿತ್ತೇ?
– ಓದುಗರೊಬ್ಬರು, ಉಡುಪಿ

ಉತ್ತರ: ಟಾರ್ಪಿಡೊ ವಿಷಯದಲ್ಲಿ ಇತ್ತು. ಯುಜುರು ಎಂದರೆ ಬಿಟ್ಟುಕೊಡುವವನು. ಜೊತೆಯವರು ಅದನ್ನೇ ತಿರುಗಿಸಿ ‘ಯುಜುರಾಜು’, ಬಿಟ್ಟುಕೊಡದವನು, ಎಂದು ಕರೆಯುತ್ತಿದ್ದರು. ಒಡಲಿನೊಳಗೆ ಟಾರ್ಪಿಡೊ ಇಟ್ಟರೆ ಒಂದು ಗುಂಡು ಬಿದ್ದರೂ ಒಳಗೇ ಸಿಡಿಯುತ್ತದೆ ಎಂಬುದು ಅವರ ವಾದ. ಮುಖ್ಯಾಲಯ ಒಪ್ಪದೆ 61 ಸೆಂ.ಮೀ.ನ 12 ಅಲುಗದ ಕೊಳವೆಗಳನ್ನು ಒಳಗೇ ಇಡಿಸಿತು. ತೋಪಿನದ್ದು ಬೇರೆ ಕತೆ. ಒಂಟಿ ತೋಪಿನ ಆರು ಗೋಪುರಗಳು, ಮುಂದೆ ಮೂರು, ಹಿಂದೆ ಮೂರು. ಒಂದೊಂದು ಗುಂಡಿನ ತೂಕ 110 ಕಿಲೋ. ಅದನ್ನು ಸಾಗಿಸುವಲ್ಲಿ ಕೈಕೆಲಸ ಹೆಚ್ಚು, ಆಳು ದಣಿದಂತೆ ಗುಂಡು ಹಾರಿಸುವ ಗತಿ ಇಳಿಯುತ್ತಿತ್ತು. ಮುಂದಿನ ಆಓಬಾ ವರ್ಗದ ಎರಡು ಹಡಗುಗಳಲ್ಲಿ ಎರಡೆರಡು ತೋಪಿನ ಮೂರು ಗೋಪುರ ಬಂದದ್ದು ಹೀಗೆ. 1930ರ ದಶಕದ ಕೊನೆಯ ಮರುನಿರ್ಮಾಣದಲ್ಲಿ ಫುರುಟಾಕಾಕ್ಕೂ ಅದನ್ನೇ ಕೊಟ್ಟರು. ಟಾರ್ಪಿಡೊಗಳನ್ನು ಮೇಲಿನ ಡೆಕ್ಕಿನಲ್ಲಿ ತಿರುಗುವ ಕೊಳವೆಗಳಿಗೆ ಸಾಗಿಸಿದರು. ಆದರೂ 1942ರ ಅಕ್ಟೋಬರಿನಲ್ಲಿ ಸಾಲೊಮನ್ ದ್ವೀಪಗಳ ಕೇಪ್ ಎಸ್ಪೆರೆನ್ಸ್ ಬಳಿ ಅಮೆರಿಕನ್ನರೊಂದಿಗಿನ ಕಾಳಗದಲ್ಲಿ ಆ ಟಾರ್ಪಿಡೊಗಳಿಗೇ ಗುಂಡು ಬಿದ್ದು ಬೆಂಕಿ ಹತ್ತಿತು. ಆ ಬೆಳಕಿನಲ್ಲಿ ಹಡಗು ಗುರಿಯಾಗಿ ಮುಳುಗಿತು.

ಪ್ರಶ್ನೆ: ಹೆವಿ ಕ್ರೂಸರಿಗೆ ಬೆಟ್ಟದ ಹೆಸರು ಎನ್ನುತ್ತಾರೆ. ಕಾಕೋ ನದಿಯಲ್ಲವೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಹೌದು, ನದಿಯೇ. ವಾಷಿಂಗ್ಟನ್ ಒಪ್ಪಂದದ ನಂತರ ಕೈಬಿಟ್ಟ ಲೈಟ್ ಕ್ರೂಸರಿಗೆ ಇಟ್ಟಿದ್ದ ಹೆಸರದು, ಇದಕ್ಕೆ ಬಂತು. ಫುರುಟಾಕಾ ಮಾತ್ರ ಜಪಾನಿನ ಎತಾಜಿಮಾ ದ್ವೀಪದ ಬೆಟ್ಟ.