ಯುಗಾದಿ ಉಡುಗೊರೆಗೆಂದು ಮಾಡುವ ಕುಕ್ಕಿ ಹೂಗುಚ್ಛದಲ್ಲಿ ಹೂವುಗಳು ಕಡ್ಡಿಯಿಂದ ಜಾರದಂತೆ ಏನು ಮಾಡಬೇಕು?

ಹಿಟ್ಟನ್ನು ತೆಳುವಾಗಿ ಲಟ್ಟಿಸುವುದು, ಇಲ್ಲವೇ ಬೇಯಿಸಿದ ಮೇಲೆ ಕಡ್ಡಿ ಚುಚ್ಚುವುದು ಇದಕ್ಕೆ ಸಾಮಾನ್ಯ ಕಾರಣ. 400 ಗ್ರಾಂ ಮೈದಾಕ್ಕೆ ಬೆಣ್ಣೆ, ಸಕ್ಕರೆಪುಡಿ ತಲಾ 200 ಗ್ರಾಂ ಸೇರಿಸಿ, ಹಿಡಿತಕ್ಕೆ ತುಸು ಹಾಲು ಹಾಕಿ, ಎಸಳಿನ ಅಂಚನ್ನು ಕೆಡಿಸುವ ಬೇಕಿಂಗ್ ಪೌಡರ್ ಬಳಸದೆ ಕಲಸಿ, ಸುಮಾರು 1 ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ ಹೂವಿನಾಕಾರದಲ್ಲಿ ಕತ್ತರಿಸಿರಿ. ಬಿದಿರಿನ ಕಡ್ಡಿಯನ್ನು ಹೂವಿನ ನಡುಭಾಗ ದಾಟುವಂತೆ ಹಸಿಯಿರುವಾಗಲೇ ತೂರಿಸಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು. ವಿಜಯಪುರದ ಮಾರ್ಚ್ ಬಿಸಿಲಿಗೆ ಬೆಣ್ಣೆ ಬೇಗ ಮೆತ್ತಗಾಗುವುದರಿಂದ ಈ ಹಂತವನ್ನು ಬಿಡುವಂತಿಲ್ಲ. 170 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂಚು ಕೆಂಪಗಾಗುವವರೆಗೆ, ಸುಮಾರು 15 ನಿಮಿಷ ಬೇಯಿಸಿ, ಪೂರ್ತಿ ಆರುವ ತನಕ ತಟ್ಟೆಯಿಂದ ಎತ್ತಬೇಡಿರಿ.

ಅಲಂಕಾರಕ್ಕೆ ಬೆಣ್ಣೆಯ ಕ್ರೀಮ್ ಚೆಂದವಾದರೂ ನಮ್ಮ ಸೆಕೆಗೆ ಕರಗುತ್ತದೆ. ಐಸಿಂಗ್ ಸಕ್ಕರೆಯನ್ನು ಒಂದೆರಡು ಚಮಚ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಬಳಿದರೆ ಒಣಗಿ ನಿಲ್ಲುತ್ತದೆ. ಕುಂಡದಲ್ಲಿ ಸ್ಪಂಜಿನ ಬದಲು ಬಿಳಿಜೋಳ ತುಂಬಿದರೆ ಭಾರಕ್ಕೆ ಕಡ್ಡಿಗಳು ವಾಲುವುದಿಲ್ಲ, ಆ ಜೋಳವನ್ನು ಆಮೇಲೆ ಬೀಸಿಕೊಳ್ಳಲೂ ಬಹುದು.