ಕರೋಕೆ ಮೇಲೆ ದನಿ ಕೂರುತ್ತಿಲ್ಲವೇ? ಮನೆ ರೆಕಾರ್ಡಿಂಗ್ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕರೋಕೆ ಟ್ರ್ಯಾಕ್ ಇಟ್ಟುಕೊಂಡು ಹಳೆಯ ಚಿತ್ರಗೀತೆ ಹಾಡಿ ರೆಕಾರ್ಡ್ ಮಾಡುತ್ತೇನೆ. ಕಂಡೆನ್ಸರ್ ಮೈಕ್, ಎರಡು ಚಾನೆಲ್ಲಿನ ಇಂಟರ್‌ಫೇಸ್, ರೀಪರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಇವೆ. ಎಷ್ಟು ರಿವರ್ಬ್ (ಮಾರ್ದನಿ) ಹಾಕಿದರೂ ದನಿ ನೀರಿನ ಮೇಲಿನ ಎಣ್ಣೆಯಂತೆ ತೇಲುತ್ತದೆ. ಏನು ಮಾಡಲಿ? — ಹಾಸನದ ಓದುಗರು

ಕರೋಕೆ ಟ್ರ್ಯಾಕ್ ಎಂದರೆ ಮಿಕ್ಸ್ ಮುಗಿದು, ಮಾಸ್ಟರಿಂಗ್ ಆಗಿ, ಜೋರಿಗೆ ಮಿತಿ ಹಾಕುವ ಲಿಮಿಟರ್ ದಾಟಿ ಬಂದ ಸಿದ್ಧ ಸರಕು. ಅದರ ಪೀಕ್ (ಅತಿ ಜೋರಿನ ಮಟ್ಟ) ಬಹುಪಾಲು ಡಿಜಿಟಲ್ ಮಿತಿಯಾದ 0 ಡಿಬಿ ಹತ್ತಿರವೇ ಇರುತ್ತದೆ. ಅದರ ಮೇಲೆ ದನಿ ಕೇಳಿಸಲಿ ಎಂದು ಫೇಡರ್ ಏರಿಸುತ್ತ ಹೋದರೆ ಮಾಸ್ಟರ್ ಮೀಟರ್ ಕೆಂಪಾಗುತ್ತದೆ, ಹಾಡು ಮಾತ್ರ ಒಂದಾಗುವುದಿಲ್ಲ. ಆದ್ದರಿಂದ ಮೊದಲು ಟ್ರ್ಯಾಕನ್ನು 8 ಡಿಬಿಯಷ್ಟು ಇಳಿಸಿ. ದನಿಯನ್ನು 24 ಬಿಟ್‌ನಲ್ಲಿ, ಅತಿ ಜೋರಿನ ಸಾಲಿನಲ್ಲೂ ಪೀಕ್ ಮೈನಸ್ 10 ಡಿಬಿ ದಾಟದಂತೆ ರೆಕಾರ್ಡ್ ಮಾಡಿ. 24 ಬಿಟ್‌ನಲ್ಲಿ ಮಟ್ಟ ಸ್ವಲ್ಪ ಕಡಿಮೆಯಾದರೆ ನಷ್ಟವೇನಿಲ್ಲ, ಮಿತಿ ದಾಟಿ ಒಡೆದದ್ದನ್ನು (ಕ್ಲಿಪ್ ಆದದ್ದನ್ನು) ಮಾತ್ರ ಪೂರ್ತಿ ಸರಿಪಡಿಸಲಾಗದು.

ಎರಡನೆಯ ಕಾರಣ ಕೋಣೆ. ಹತ್ತಡಿ ಹತ್ತಡಿಯ ಕೋಣೆಯಲ್ಲಿ ಗೋಡೆಗೆ ಬಡಿದ ದನಿ ಕೆಲವೇ ಮಿಲಿಸೆಕೆಂಡಿನಲ್ಲಿ ಮೈಕಿಗೆ ಮರಳುತ್ತದೆ, ಜೋರು–ಮೆಲ್ಲಗಿನ ಅಂತರ ತಗ್ಗಿಸುವ ಕಂಪ್ರೆಸರ್ ಹಾಕಿದೊಡನೆ ಆ ಡಬ್ಬಿಯ ಸದ್ದು ಮೇಲೇಳುತ್ತದೆ. ಅದರ ಮೇಲೆ ರಿವರ್ಬ್ ಸುರಿದರೆ ಕೇಳಿಸುವುದು ದೊಡ್ಡದಾದ ಡಬ್ಬಿಯೇ. ಬಹಳ ಮಂದಿ ಮೈಕಿನ ಹಿಂದೆ ಫೋಮ್ ಅಂಟಿಸುತ್ತಾರೆ. ಆದರೆ ಕಾರ್ಡಿಯಾಯ್ಡ್ ಮೈಕ್ ಹೆಚ್ಚು ಕೇಳಿಸಿಕೊಳ್ಳುವುದು ತನ್ನ ಮುಂದಿನದನ್ನು, ಅಂದರೆ ಹಾಡುವವರನ್ನೂ ಅವರ ಬೆನ್ನ ಹಿಂದಿನ ಗೋಡೆಯನ್ನೂ. ಕೌದಿ, ದಪ್ಪ ರಜಾಯಿ ಏನಿದ್ದರೂ ನಿಮ್ಮ ಬೆನ್ನ ಹಿಂದೆ ತೂಗುಹಾಕಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ನಿಂತರೂ ಸರಿ. ಮೊಟ್ಟೆಯ ಟ್ರೇಗಳಿಂದ ಗೋಡೆ ಕೆಡುವುದಷ್ಟೇ ಲಾಭ. ಬಾಯಿಂದ ಮೈಕಿಗೆ 15ರಿಂದ 20 ಸೆಂಟಿಮೀಟರ್, ನಡುವೆ ಪಾಪ್ ಫಿಲ್ಟರ್. ಇನ್ನೂ ಹತ್ತಿರ ಹೋದರೆ ಪ್ರಾಕ್ಸಿಮಿಟಿ ಪರಿಣಾಮದಿಂದ ಮಂದ್ರ ಉಬ್ಬುತ್ತದೆ.

ಮೂರನೆಯದು ಹಳೆಯ ಹಾಡಿಗೇ ಅಂಟಿದ ತೊಡಕು. ಆ ಟ್ರ್ಯಾಕುಗಳ ಮೇಲ್ತುದಿ ಮಂಕು. 128 ಕೆಬಿಪಿಎಸ್ ಎಂಪಿ3 ಆಗಿದ್ದರೆ ಸುಮಾರು 16 ಕಿಲೋಹರ್ಟ್ಜ್‌ನ ಮೇಲೆ ಏನೂ ಉಳಿದಿರುವುದಿಲ್ಲ. ನಿಮ್ಮ ಕಂಡೆನ್ಸರ್ ಮೈಕೋ ಆ ಜಾಗದಲ್ಲೇ ಥಳಥಳಿಸುತ್ತದೆ. ಎಣ್ಣೆಯಂತೆ ತೇಲುವುದು ಈ ಹೊಳಪೇ. ದನಿಗೆ ‘ಏರ್’ (ಮೇಲ್ತುದಿಯ ಹೊಳಪು) ಸೇರಿಸಿ ಎನ್ನುವ ಯೂಟ್ಯೂಬ್ ಸಲಹೆಯನ್ನು ಇಲ್ಲಿ ತಲೆಕೆಳಗು ಮಾಡಿ, 10 ಕಿಲೋಹರ್ಟ್ಜ್‌ನಲ್ಲಿ ಹೈ ಶೆಲ್ಫ್ ಇಟ್ಟು ಅದರ ಮೇಲಿನದನ್ನೆಲ್ಲ 2–3 ಡಿಬಿ ತಗ್ಗಿಸಿ.

ಇನ್ನು ಉಳಿದ ಸರಪಳಿ. ಗಂಡು ದನಿಗೆ 80, ಹೆಣ್ಣು ದನಿಗೆ 100 ಹರ್ಟ್ಜ್‌ನ ಕೆಳಗಿನದನ್ನು ಕತ್ತರಿಸುವ ಹೈಪಾಸ್. 250–350 ಹರ್ಟ್ಜ್‌ನ ನಡುವೆ ಎಲ್ಲಿ ಗುಂಯ್ ಎನ್ನುತ್ತದೋ ಅಲ್ಲಿ 2–3 ಡಿಬಿ ಕಡಿತ. ಕಂಪ್ರೆಸರ್ 3:1, ಅಟ್ಯಾಕ್ 10–15 ಮಿಲಿಸೆಕೆಂಡ್, ಗೇನ್ ಇಳಿಕೆ 4 ಡಿಬಿ ಸಾಕು. ಅದಕ್ಕೂ ಮೊದಲು ಸಾಲು ಸಾಲಿಗೆ ವಾಲ್ಯೂಮ್ ಆಟೊಮೇಷನ್ ಮಾಡಿದರೆ ಕಂಪ್ರೆಸರ್ ಹೆಣಗಬೇಕಾಗುವುದಿಲ್ಲ. ಸ, ಶ, ಷಗಳ ಸೀಟಿಗೆ 5–8 ಕಿಲೋಹರ್ಟ್ಜ್‌ನಲ್ಲಿ ಡಿ-ಎಸ್ಸರ್. ರಿವರ್ಬ್ ಪ್ರತ್ಯೇಕ ಸೆಂಡ್‌ನಲ್ಲಿ (ದನಿಯ ಪ್ರತಿ ಹೋಗುವ ಬೇರೆ ಟ್ರ್ಯಾಕಿನಲ್ಲಿ) ಇರಲಿ: ಪ್ಲೇಟ್, ಒಂದೂವರೆ ಸೆಕೆಂಡ್, ಪ್ರೀ-ಡಿಲೇ (ಮಾರ್ದನಿ ಶುರುವಾಗುವ ಮುಂಚಿನ ಅಂತರ) 30 ಮಿಲಿಸೆಕೆಂಡ್. ಆ ಸೆಂಡ್‌ನಲ್ಲಿ 300 ಹರ್ಟ್ಜ್‌ನ ಕೆಳಗಿನದನ್ನೂ 6 ಕಿಲೋಹರ್ಟ್ಜ್‌ನ ಮೇಲಿನದನ್ನೂ ಕತ್ತರಿಸಿ.

ಇಷ್ಟಾದ ಮೇಲೂ ಕೂರದಿದ್ದರೆ ಟ್ರ್ಯಾಕೇ ದನಿಗೆ ದಾರಿ ಬಿಡಬೇಕು. ರೀಪರ್‌ನಲ್ಲಿ ದನಿಯನ್ನು ಕರೋಕೆ ಟ್ರ್ಯಾಕಿನ 3–4ನೇ ಚಾನೆಲ್ಲಿಗೆ ಸೆಂಡ್ ಮಾಡಿ, ಅಲ್ಲಿ ರೀಪರ್‌ನದೇ ಕಂಪ್ರೆಸರ್ ಆದ ರಿಯಾಕಾಂಪ್ ಹಾಕಿ, ಅದು ದನಿಯನ್ನು ಕೇಳಿ ಟ್ರ್ಯಾಕ್ ತಗ್ಗಿಸುವಂತೆ ಡಿಟೆಕ್ಟರನ್ನು ಆಕ್ಸಿಲರಿಗೆ ತಿರುಗಿಸಿ. ದನಿ ಬಂದಾಗ ಟ್ರ್ಯಾಕ್ ಒಂದೂವರೆ ಡಿಬಿ ಬಾಗಿದರೆ ಸಾಕು. 3 ದಾಟಿದರೆ ತಬಲಾ ಉಸಿರಾಡಿದಂತೆ ಏರಿಳಿಯುತ್ತದೆ. ಮೂಲ ಹಾಡಿನಿಂದ ಎಐ ಬಳಸಿ ದನಿ ತೆಗೆದ ಟ್ರ್ಯಾಕಾದರೆ ಮೂಲ ಗಾಯಕರ ರಿವರ್ಬಿನ ನೆರಳು ಉಳಿದಿರಬಹುದು. ಆ ನೆರಳು ಕೇಳಿಸುವಷ್ಟಿದ್ದರೆ ಮಿಕ್ಸಿಂಗ್‌ನಿಂದ ಪರಿಹಾರವಿಲ್ಲ, ಬೇರೆ ಟ್ರ್ಯಾಕ್ ಹುಡುಕಿ.

ಪ್ರಶ್ನೆ: ಪಿಚ್ ಕರೆಕ್ಷನ್ (ಶ್ರುತಿ ತಿದ್ದುವ ತಂತ್ರಾಂಶ) ಹಾಕಿದರೆ ಗಮಕಗಳೆಲ್ಲ ಮೆಟ್ಟಿಲು ಮೆಟ್ಟಿಲಾಗುತ್ತವೆ. ಹಾಕದಿದ್ದರೆ ಅಲ್ಲಲ್ಲಿ ಅಪಶ್ರುತಿ. ಮಧ್ಯದ ದಾರಿ ಇದೆಯೇ? — ಮೈಸೂರಿನ ಓದುಗರು

ಇದೆ, ಆದರೆ ಅದು ಆಟೊಮ್ಯಾಟಿಕ್ ಅಲ್ಲ. ಆಟೊಮ್ಯಾಟಿಕ್ ತಂತ್ರಾಂಶಕ್ಕೆ ಗೊತ್ತಿರುವುದು ಹನ್ನೆರಡು ಮನೆ ಮಾತ್ರ; ಎರಡು ಮನೆಗಳ ನಡುವೆ ಇರುವುದೆಲ್ಲ ಅದರ ಲೆಕ್ಕದಲ್ಲಿ ತಪ್ಪು. ತೋಡಿ ರಾಗದ ಗಾಂಧಾರ ನಿಲ್ಲುವ ಸ್ವರವೇ ಅಲ್ಲ, ರಿಷಭ–ಮಧ್ಯಮಗಳ ಕಡೆಗೆ ತೂಗುತ್ತಲೇ ಇರುವ ಸ್ವರ. ರಿಟ್ಯೂನ್ ವೇಗ (ತಿದ್ದುವ ವೇಗ) ಹೆಚ್ಚಿಟ್ಟರೆ ಆ ತೂಗಾಟ ರಿ, ಗ, ಮ ಎಂಬ ಮೂರು ತುಂಡಾಗುತ್ತದೆ. ಸ್ಕೇಲಿನಲ್ಲಿ ರಾಗದ ಸ್ವರಗಳನ್ನಷ್ಟೇ ಆರಿಸಿದರೂ ಇದು ತಪ್ಪದು.

ಮೆಲೊಡೈನ್‌ನಂತಹ ತಂತ್ರಾಂಶದಲ್ಲಿ ಕೈಯಿಂದ ತಿದ್ದಿ. ಅದರಲ್ಲಿ ಸ್ವರದ ಕೇಂದ್ರ, ಡ್ರಿಫ್ಟ್ (ನಿಧಾನದ ಜಾರಾಟ), ಮಾಡ್ಯುಲೇಷನ್ (ವೇಗದ ಓಲಾಟ) ಎಂದು ಮೂರು ಬೇರೆ ಬೇರೆ ಹಿಡಿಗಳಿವೆ. ಕೇಂದ್ರವನ್ನು ಸರಿಸಿದರೆ ಗಮಕದ ಆಕಾರ ಹಾಗೇ ಉಳಿದು ಇಡೀ ಸ್ವರ ಮೇಲೆ ಕೆಳಗೆ ಹೋಗುತ್ತದೆ. ನೀವು ಮುಟ್ಟಬೇಕಾದ್ದು ಇದನ್ನೇ. ಮಾಡ್ಯುಲೇಷನ್ ತಗ್ಗಿಸಿದರೆ ಗಮಕವೇ ಮಾಯ. ಡ್ರಿಫ್ಟ್ ತಿದ್ದುವುದು ಸಾಲಿನ ಕೊನೆಯಲ್ಲಿ ಉಸಿರು ಮುಗಿದು ಜಾರುವ ಉದ್ದ ಷಡ್ಜ, ಪಂಚಮಗಳಿಗೆ ಮಾತ್ರ. ಎರಡು ಸ್ವರಗಳನ್ನು ತಂತ್ರಾಂಶ ಒಂದೇ ತುಂಡು ಎಂದು ಹಿಡಿದಿದ್ದರೆ ಮೊದಲು ಬೇರ್ಪಡಿಸಿ. ಆಟೊಟ್ಯೂನ್ ಒಂದೇ ಇದ್ದರೆ ಬೈಪಾಸನ್ನು ಆಟೊಮೇಟ್ ಮಾಡಿ ನಿಂತ ಸ್ವರಗಳಲ್ಲಿ ಮಾತ್ರ ಆನ್ ಮಾಡಿ.

ತಿದ್ದುವ ಕೆಲಸವನ್ನೇ ಕಡಿಮೆ ಮಾಡುವುದು ಇನ್ನೂ ಲೇಸು. ಹೆಡ್‌ಫೋನಿನಲ್ಲಿ ಟ್ರ್ಯಾಕ್ ಜೋರಾದಷ್ಟೂ ಶ್ರುತಿ ತಪ್ಪುವುದು ಸುಲಭ. ಟ್ರ್ಯಾಕ್ ಇಳಿಸಿ, ಒಂದು ಕಿವಿ ತೆರೆದಿಟ್ಟು, ಹೆಡ್‌ಫೋನಿಗೆ ಮಾತ್ರ ಹೋಗುವಂತೆ ತಂಬೂರಿ ಶ್ರುತಿ ಸೇರಿಸಿಕೊಳ್ಳಿ. ಹಳೆಯ ರೆಕಾರ್ಡಿಂಗ್‌ಗಳು ಟೇಪಿನ ವೇಗದಿಂದಾಗಿ 440 ಹರ್ಟ್ಜ್‌ನ ಶ್ರುತಿ ಅಳತೆಗೆ ಸರಿಯಾಗಿ ಕೂರದೆ ಕೆಲವು ಸೆಂಟ್ (ಅರೆಸ್ವರದ ನೂರರಲ್ಲೊಂದು ಪಾಲು) ಆಚೀಚೆ ಇರಬಹುದು. ತಂಬೂರಿಯನ್ನೂ ಕರೆಕ್ಷನ್ನಿನ ಮೂಲ ಅಳತೆಯನ್ನೂ ಟ್ರ್ಯಾಕಿಗೆ ಹೊಂದಿಸಿಯೇ ಶುರುಮಾಡಿ. ಇಲ್ಲವಾದರೆ ಸರಿಯಾಗಿ ಹಾಡಿದ್ದನ್ನೂ ಯಂತ್ರ ಕೆಡಿಸುತ್ತದೆ.

ಪ್ರಶ್ನೆ: ಗೆಳೆಯ ಕಳಿಸಿದ ಗಿಟಾರ್ ಫೈಲ್ ನನ್ನ ಪ್ರಾಜೆಕ್ಟಿನಲ್ಲಿ ಶ್ರುತಿ ಏರಿ, ಬೇಗನೆ ಮುಗಿಯುತ್ತದೆ. — ಹುಬ್ಬಳ್ಳಿಯ ಓದುಗರು

ಉದ್ದ ಅಳೆಯಿರಿ. 4 ನಿಮಿಷದ್ದು 3 ನಿಮಿಷ 40 ಸೆಕೆಂಡಿಗೆ ಮುಗಿದರೆ, 44.1 ಕಿಲೋಹರ್ಟ್ಜ್ ಸ್ಯಾಂಪಲ್ ರೇಟಿನ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆದಿದೆ ಎಂಬ ಲೆಕ್ಕದ) ಫೈಲನ್ನು ನಿಮ್ಮ ಯಂತ್ರ 48 ಎಂದು ನುಡಿಸುತ್ತಿದೆ. ಶ್ರುತಿ ಸುಮಾರು ಒಂದೂವರೆ ಅರೆಸ್ವರ ಏರಿರುತ್ತದೆ. ಪಿಚ್ ಶಿಫ್ಟ್ ಮಾಡಬೇಡಿ. ಫೈಲಿನ ನಿಜವಾದ ಸ್ಯಾಂಪಲ್ ರೇಟ್ ತಿಳಿದು, ಇಂಪೋರ್ಟ್ ಮಾಡುವಾಗ ಪರಿವರ್ತಿಸಿ. ವಿಡಿಯೊ ಜೊತೆ ಸೇರುವ ಹಾಡಾದರೆ ಇಬ್ಬರೂ ಮೊದಲಿನಿಂದಲೇ 48ಕ್ಕೆ ಒಪ್ಪಿಕೊಳ್ಳಿ.

ಪ್ರಶ್ನೆ: ರೆಕಾರ್ಡಿಂಗ್‌ನಲ್ಲಿ ಹಿಂದಿನಿಂದ ‘ಗುಂಯ್’ ಎನ್ನುವ ಸದ್ದು. — ಶಿರಸಿಯ ಓದುಗರು

ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ. ಸದ್ದು ನಿಂತರೆ ತೊಂದರೆ ಅರ್ಥಿಂಗ್‌ನದು: ಎಲ್ಲವನ್ನೂ ಸರಿಯಾದ ಅರ್ಥ್ ಇರುವ ಒಂದೇ ಮೂರು ಪಿನ್ನಿನ ಬೋರ್ಡಿಗೆ ತನ್ನಿ. ಅರ್ಥ್ ಪಿನ್ ಮುರಿಯುವ ಉಪಾಯವನ್ನು ಯಾರು ಹೇಳಿದರೂ ಮಾಡಬೇಡಿ, ಶಾಕ್ ಹೊಡೆಯುತ್ತದೆ. ನಿಲ್ಲದಿದ್ದರೆ ಫ್ಯಾನಿನ ರೆಗ್ಯುಲೇಟರ್ ನೋಡಿ; ಎಲೆಕ್ಟ್ರಾನಿಕ್ ರೆಗ್ಯುಲೇಟರ್ ನಡುವಿನ ವೇಗಗಳಲ್ಲಿ ಝೇಂಕರಿಸುತ್ತದೆ. ಕರೆಂಟ್ ಹೋದಾಗ ಮಾತ್ರ ಬರುವ ಕರ್ಕಶ ಸದ್ದು ಸ್ಕ್ವೇರ್ ವೇವ್ ಇನ್ವರ್ಟರಿನದು. ಅದರ ಹಾರ್ಮೋನಿಕ್‌ಗಳು 50 ಹರ್ಟ್ಜ್‌ನಿಂದ ಬಹಳ ಮೇಲಿನವರೆಗೂ ಹಬ್ಬುವುದರಿಂದ ಒಂದೇ ಆವರ್ತನವನ್ನು ಕತ್ತರಿಸುವ ನಾಚ್ ಫಿಲ್ಟರ್ ಸಾಲದು. ಕರೆಂಟ್ ಬರಲಿ.

ಪ್ರಶ್ನೆ: ಕವರ್ ಹಾಡನ್ನು ಯೂಟ್ಯೂಬ್‌ಗೆ ಹಾಕಲು ಅನುಮತಿ ಬೇಕೇ? ಎಷ್ಟು ಜೋರಾಗಿರಬೇಕು? — ದುಬೈನ ಓದುಗರು

ಜೋರಿನ ಉತ್ತರ ಚಿಕ್ಕದು: ಒಟ್ಟು ಮೈನಸ್ 14 ಎಲ್‌ಯುಎಫ್‌ಎಸ್ (ಇಡೀ ಹಾಡು ಕಿವಿಗೆ ಎಷ್ಟು ಜೋರು ಎಂಬುದರ ಅಳತೆ), ಟ್ರೂ ಪೀಕ್ ಮೈನಸ್ 1 ಡಿಬಿ. ಅದಕ್ಕಿಂತ ಜೋರಾದುದನ್ನು ಯೂಟ್ಯೂಬ್ ತಗ್ಗಿಸುತ್ತದೆ, ಮೆಲ್ಲಗಿರುವುದನ್ನು ಏರಿಸುವುದಿಲ್ಲ.

ಅನುಮತಿ ಬೇಕು, ಅದೂ ಒಂದಕ್ಕಿಂತ ಹೆಚ್ಚು ಹಕ್ಕಿಗೆ. ಸಾಹಿತ್ಯ, ಸ್ವರಸಂಯೋಜನೆ, ಕರೋಕೆಯ ಧ್ವನಿಮುದ್ರಣ ಮೂರೂ ಬೇರೆ ಬೇರೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಂ ಕವರ್‌ಗೆ ಶಾಸನಬದ್ಧ ಪರವಾನಗಿ ಕೊಡುತ್ತದೆ ನಿಜ. ಆದರೆ ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು, ಮುಂಚಿತ ನೋಟಿಸ್ ಕೊಡಬೇಕು, ಸಾಮಾನ್ಯವಾಗಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ಹವ್ಯಾಸಿಗೆ ಇದು ಹೊಂದುವ ದಾರಿಯಲ್ಲ, ದೃಶ್ಯ ಸೇರಿದ ವಿಡಿಯೊಗೆ ಇದು ಅನ್ವಯಿಸುವುದೂ ಇಲ್ಲ.

ರೂಢಿಯಲ್ಲಿ ನಡೆಯುವುದು ಬೇರೆ. ಯೂಟ್ಯೂಬಿನ ಗುರುತು ವ್ಯವಸ್ಥೆಯಾದ ಕಂಟೆಂಟ್ ಐಡಿ ಹಾಡನ್ನು ಗುರುತಿಸಿದರೆ ವಿಡಿಯೊ ಉಳಿದು, ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುವುದೇ ಹೆಚ್ಚು. ಅದು ಕ್ಲೇಮ್ (ಹಕ್ಕಿನ ದಾವೆ), ಚಾನೆಲ್ಲಿನ ಮೇಲೆ ಬೀಳುವ ಸ್ಟ್ರೈಕ್ ಅಲ್ಲ. ಆದರೆ ಹಕ್ಕುದಾರರು ಬಯಸಿದರೆ ತಡೆಯಲೂಬಹುದು. ಕರೋಕೆ ಬದಲು ವಾದ್ಯಗಳನ್ನು ನೀವೇ ನುಡಿಸಿದರೆ ಮೂರನೆಯ ಹಕ್ಕಿನ ತಗಾದೆ ಇರುವುದಿಲ್ಲ. ದಾಸರ ಪದ, ವಚನಗಳ ಸಾಹಿತ್ಯ ಮುಕ್ತ. ಅವಕ್ಕೆ ಇತ್ತೀಚಿನವರು ಹಾಕಿದ ಧಾಟಿ ಮುಕ್ತವಲ್ಲ. ಸಂಯೋಜಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಅದರ ಹಕ್ಕು ಉಳಿಯುತ್ತದೆ. ಧಾಟಿ ನಿಮ್ಮದೇ ಆದರೆ ಯಾರನ್ನೂ ಕೇಳಬೇಕಿಲ್ಲ.