ತೀರಿಕೊಂಡ ಅಮ್ಮನ ಬದುಕನ್ನು ಬರೆದಿಡುವುದು ಹೇಗೆ?

ಅಮ್ಮ ತೀರಿಕೊಂಡು ವರ್ಷ ತುಂಬುವ ಮೊದಲೇ ಅವರ ದನಿ ಮರೆಯುತ್ತಿದೆ, ಬರೆದಿಡೋಣವೆಂದು ಕುಳಿತರೆ 'ಬಹಳ ಒಳ್ಳೆಯವರು' ಎಂಬುದರಾಚೆ ಒಂದು ಸಾಲೂ ಹೊರಡುವುದಿಲ್ಲ ಎಂದಿದ್ದೀರಿ.

ಮೊದಲು ದನಿಯ ಕೆಲಸ ಮುಗಿಸಿ. ಬರವಣಿಗೆ ಕಾಯುತ್ತದೆ, ಮೊಬೈಲ್ ಕಾಯುವುದಿಲ್ಲ. ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶಗಳು, ಯಾರದೋ ಸಮಾರಂಭದ ವಿಡಿಯೊದಲ್ಲಿ ಹಿಂದಿನಿಂದ ಕೇಳುವ ಅವರ ಎರಡು ಮಾತು, ಎಲ್ಲವನ್ನೂ ತೆಗೆದು ಎರಡು ಬೇರೆ ಕಡೆ ಉಳಿಸಿ. ಅವರಿಗೆ ಗೂಗಲ್ ಖಾತೆ ಇದ್ದರೆ ಇನ್ನೂ ಬೇಗ ನೋಡಿ: ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಫೋಟೊ, ಮೇಲ್ ಸಮೇತ ಅಳಿಸಬಹುದೆಂಬ ನಿಯಮವನ್ನು ಆ ಸಂಸ್ಥೆ 2023ರಲ್ಲಿ ತಂದಿದೆ.

ಇನ್ನು ಬರವಣಿಗೆ. ನನ್ನ ತಂದೆ ಹೋದಾಗ ಬಂದವರೆಲ್ಲ 'ದೇವರಂಥ ಮನುಷ್ಯ' ಎಂದರು. ಅಂಥ ಮನುಷ್ಯನೊಂದಿಗೆ ನಾನು ಒಂದು ದಿನವೂ ಬಾಳಿರಲಿಲ್ಲ. ನಾನು ಬಾಳಿದ್ದು, ಗೋಡೆ ಗಡಿಯಾರಕ್ಕೆ ಬ್ಯಾಟರಿ ಹಾಕಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅದರ ಬೆನ್ನಿಗೆ ಅಂಟಿಸುತ್ತಿದ್ದ, ಬೇರೆ ಯಾರಾದರೂ ಚೀಟಿ ಅಂಟಿಸದೆ ಬ್ಯಾಟರಿ ಬದಲಿಸಿದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದ ಒಬ್ಬರೊಂದಿಗೆ. ಆ ಗಡಿಯಾರವನ್ನು ಇಳಿಸಿ ನೋಡಿದರೆ ಚೀಟಿಗಳು ಒಂದರ ಮೇಲೊಂದು ಕುಳಿತಿದ್ದವು. ಅಡಿಯಲ್ಲಿದ್ದವುಗಳಲ್ಲಿ ಅಂಕಿಗಳು ದುಂಡಗಿದ್ದವು. ಮೇಲಿನವುಗಳಲ್ಲಿ ಕೈ ನಡುಗಿತ್ತು. ನನ್ನ ಬರವಣಿಗೆ ಶುರುವಾದದ್ದು ಅಲ್ಲಿಂದ.

ಹಾಗಾಗಿ ಬಂಧುಗಳ ಬಳಿ 'ಅಮ್ಮ ಹೇಗಿದ್ದರು' ಎಂದು ಕೇಳಬೇಡಿ. ಗುಣಗಾನ ಮಾತ್ರ ಸಿಗುತ್ತದೆ. ಯಾವುದಕ್ಕೆ ರೇಗುತ್ತಿದ್ದರು, ಯಾರೊಂದಿಗೆ ಮಾತು ಬಿಟ್ಟಿದ್ದರು, ಏನನ್ನು ಬಚ್ಚಿಡುತ್ತಿದ್ದರು ಎಂದು ಕೇಳಿ. ಅವರ ಓರಗೆಯವರಿಂದಲೇ ಆರಂಭಿಸಿ, ನೀವು ಹುಟ್ಟುವ ಮುಂಚಿನ ಅಮ್ಮ ಇರುವುದು ಅವರ ಬಳಿ. ಒಪ್ಪಿದರೆ ಮಾತನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಹೇಳಿಕೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ತೀರ್ಪು ಕೊಡಲು ಹೋಗಬೇಡಿ. ನನ್ನ ಅಪ್ಪ ಮೊದಲ ಕೆಲಸ ಬಿಟ್ಟದ್ದು ಸ್ವಾಭಿಮಾನಕ್ಕೆ ಎಂದು ಚಿಕ್ಕಪ್ಪ, ಸೋಮಾರಿತನಕ್ಕೆ ಎಂದು ಹಳೆಯ ಸಹೋದ್ಯೋಗಿ. ಹೇಳಿದವರ ಹೆಸರು ಹಾಕಿ ಎರಡನ್ನೂ ಬರೆದಿದ್ದೇನೆ. (ನನಗೆ ಸಹೋದ್ಯೋಗಿಯ ಮಾತೇ ಹೆಚ್ಚು ಇಷ್ಟ.)

'ಇದನ್ನೆಲ್ಲ ಕೆದಕುತ್ತಾ ಕುಳಿತರೆ ದುಃಖ ಕಳೆಯುವುದು ಯಾವಾಗ' ಎಂದು ಗದರುವವರು ಸಿಗುತ್ತಾರೆ. ಸತ್ತವರ ನಂಟನ್ನು ಕಡಿದುಕೊಂಡರೇ ಚೇತರಿಕೆ ಎಂಬ ನಂಬಿಕೆ ಮನೋವಿಜ್ಞಾನದಲ್ಲೂ ಬಹುಕಾಲ ಇತ್ತು. 1996ರಲ್ಲಿ ಅಗಲಿಕೆಯ ದುಃಖವನ್ನು ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಅದನ್ನು ಪ್ರಶ್ನಿಸಿದರು: ಆ ನಂಟು ರೂಪ ಬದಲಿಸಿ ಮುಂದುವರಿಯುವುದು ಸಹಜ, ಅದು ಕಾಯಿಲೆಯಲ್ಲ ಎಂಬುದು ಅವರ ವಾದ. ಆದರೆ ಊಟ, ನಿದ್ದೆ, ಕೆಲಸ ಯಾವುದೂ ಸಾಗದಷ್ಟು ದುಃಖ ತಿಂಗಳುಗಟ್ಟಲೆ ಕಾಡಿದರೆ ಬರೆಯುವುದನ್ನು ಬದಿಗಿಟ್ಟು ವೈದ್ಯರನ್ನು ಕಾಣಿ.

ಅಂದಹಾಗೆ, ಹಳೆಯ ಫೋಟೊಗಳ ಹಿಂದೆ ಹೆಸರು ಬರೆಯುವಾಗ ಪೆನ್ ಬೇಡ, ಶಾಯಿ ಆಚೆ ಬದಿಗೆ ಮೂಡಬಹುದು. ಮೆತ್ತನೆಯ ಪೆನ್ಸಿಲ್ ಹಿಡಿದು ಹಗುರವಾಗಿ ಬರೆಯಿರಿ. ಹೊಸ ನುಣುಪು ಕಾಗದಕ್ಕೆ ಪೆನ್ಸಿಲ್ ಹತ್ತದು. ಅವುಗಳ ವಿವರವನ್ನು ಲಕೋಟೆಯ ಮೇಲೆ ಮೊದಲೇ ಬರೆದು, ಆಮೇಲೆ ಫೋಟೊ ಒಳಗಿಡಿ.